ಜಪಾನದ ಮರದಚ್ಚು ಮತ್ತು ನಮ್ಮ ವೆಂಕಟಪ್ಪ

ಚಿತ್ರಗಳ ವಿಷಯವನ್ನು ಬಾನುಲಿಯಲ್ಲಿ ಮಾತನಾಡುವುದು ಸ್ವಲ್ಪ ಇಕ್ಕಟ್ಟಿನ ಕೆಲಸ. ಕಣ್ಣಿನ ವಸ್ತುವನ್ನು ಕಿವಿಗೆ ಒಪ್ಪಿಸಬೇಕು. ಕೇಳುಗರು ಅದನ್ನು ಮತ್ತೆ ತಮ್ಮ ಮನಸ್ಸಿನ ಕಣ್ಣಿಗೆ ತಂದುಕೊಳ್ಳಬೇಕು. ಆದರೂ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಜಪಾನದ ಅಗ್ಗದ ಮರದಚ್ಚಿನ ಚಿತ್ರಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಚಿತ್ರಕಲೆಯನ್ನು, ಅದರಲ್ಲಿಯೂ ಅಲ್ಲಿಯ ಮುದ್ರಣಚಿತ್ರಗಳನ್ನು, ಬುಡದಿಂದ ಅಲುಗಾಡಿಸಿದವೆಂಬುದು ಕಲೆಯ ಇತಿಹಾಸವನ್ನು ಓದಿದವರಿಗೆ ತಿಳಿದ ಸಂಗತಿಯೇ. ಅದೇ ಜಪಾನದ ಗಾಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯನ್ನು ಸುತ್ತಿ ಬಂದು ಮೈಸೂರಿನ ಚಿತ್ರಗಾರರ ಮನೆತನದ ಒಬ್ಬ ತರುಣನ ಕುಂಚವನ್ನೂ ಮುಟ್ಟಿತೆಂಬುದು ಅಷ್ಟಾಗಿ ಮಾತಿಗೆ ಬಂದಿಲ್ಲ. ಇವೆರಡನ್ನೂ ಎದುರುಬದುರು ಇಟ್ಟು ನೋಡಿದಾಗ ಒಂದು ಸೋಜಿಗ ಕಾಣುತ್ತದೆ. ಪ್ಯಾರಿಸ್ಸಿಗೆ ಜಪಾನ ಕೊಟ್ಟದ್ದು ಗೆರೆ. ಕಲಕತ್ತೆಗೆ ಕೊಟ್ಟದ್ದು ಮಂಜು. ಒಂದೇ ಬಾವಿಯಿಂದ ಒಬ್ಬರು ಸಿಹಿನೀರನ್ನೂ ಇನ್ನೊಬ್ಬರು ಸಪ್ಪೆ ನೀರನ್ನೂ ಸೇದಿಕೊಂಡರೆಂದಲ್ಲ. ಎರಡು ಬೇರೆ ಬಾವಿಗಳಿಗೆ ನಾವು ಒಂದೇ ಹೆಸರಿಟ್ಟಿದ್ದೇವೆ ಎಂದು ನನ್ನ ತಿಳುವಳಿಕೆ.

ಮೊದಲು ಆ ಮರದಚ್ಚು ಹೇಗಾಗುತ್ತಿತ್ತು ಎಂಬುದನ್ನು ಹೇಳಬೇಕು. ನಮ್ಮ ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲ ಸೀಮೆಯಲ್ಲಿ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನು ಕಂಡವರಿಗೆ ಇದರ ಅರ್ಧ ಪಾಠ ಆಗಲೇ ಆಗಿದೆ. ಬಡಿಗನು ಕಟ್ಟಿಗೆಯ ಎರಡು ಹೋಳುಗಳಲ್ಲಿ ತೇರನ್ನೋ ಆನೆಯನ್ನೋ ಗಿಳಿಯನ್ನೋ ತಗ್ಗಾಗಿ ಕೆತ್ತಿರುತ್ತಾನೆ. ಹೋಳುಗಳನ್ನು ಕೂಡಿಸಿ ಬಿಗಿದು, ಹದವಾದ ಸಕ್ಕರೆಯ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಡಿಸಿದರೆ ಬೆಳ್ಳಗಿನ ತೇರು ಕೈಗೆ ಬರುತ್ತದೆ. ಅಚ್ಚಿನಲ್ಲಿ ಎಡಕ್ಕೆ ನೋಡುವ ಗಿಳಿ ಸಕ್ಕರೆಯಲ್ಲಿ ಬಲಕ್ಕೆ ನೋಡುತ್ತದೆ ಎಂಬುದನ್ನು ಮಕ್ಕಳೇ ಮೊದಲು ಕಂಡುಹಿಡಿಯುತ್ತಾರೆ. ಜಪಾನದ ಅಚ್ಚಿನಲ್ಲಿಯೂ ಎಡಬಲಗಳು ಹೀಗೆಯೇ ಅದಲುಬದಲಾಗುತ್ತವೆ; ಆದರೆ ಕೆತ್ತನೆ ಮಾತ್ರ ತಲೆಕೆಳಗು. ಇಲ್ಲಿ ಬೇಕಾದುದನ್ನು ಕೆತ್ತಿ ತೆಗೆಯುತ್ತಾರೆ. ಅಲ್ಲಿ ಬೇಡವಾದುದನ್ನೆಲ್ಲ ಕೆತ್ತಿ ತೆಗೆದು, ಬೇಕಾದ ಗೆರೆಯೊಂದನ್ನೇ ಉಬ್ಬಾಗಿ ಉಳಿಸುತ್ತಾರೆ.

ಚಿತ್ರಕಾರನು ತೆಳುವಾದ ಕಾಗದದ ಮೇಲೆ ಕಪ್ಪು ಮಸಿಯ ಗೆರೆಗಳಲ್ಲಿ ಚಿತ್ರವನ್ನು ಬರೆದು ಕೊಡುತ್ತಿದ್ದನು. ಆ ಹಾಳೆಯನ್ನು ಚೆರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಕಾಗದದ ಮೂಲಕವೇ ಗೆರೆಯ ಎರಡೂ ಮಗ್ಗುಲನ್ನು ಕೆತ್ತಿಕೊಂಡು ಹೋಗಬೇಕು. ಕೆತ್ತನೆ ಮುಗಿಯುವುದರೊಳಗೆ ಚಿತ್ರಕಾರನ ಕೈಯ ಮೂಲಚಿತ್ರ ನಾಶವಾಗಿರುತ್ತಿತ್ತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಾವು ಇಂದು ಯಾವುದನ್ನು 'ಮೂಲ' ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆಯೋ ಅದು ಆ ಕಸುಬಿನಲ್ಲಿ ಸಿಪ್ಪೆಯಂತೆ ಸುಲಿದು ಹೋಗುವ ವಸ್ತು. ಗೆರೆಯ ಅಚ್ಚಿನಿಂದ ಕೆಲವು ಪ್ರತಿಗಳನ್ನು ತೆಗೆದು, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆಯನ್ನು ಬೇರೆಯಾಗಿ ಕೆತ್ತುತ್ತಿದ್ದರು. ಹತ್ತು ಬಣ್ಣದ ಚಿತ್ರವಾದರೆ ಒಂದೇ ಹಾಳೆ ಹತ್ತು ಸಲ ಅಚ್ಚಿಗೆ ಹೋಗಬೇಕು; ಕೂದಲೆಳೆಯಷ್ಟು ಸರಿದರೂ ಸುಂದರಿಯ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ. ಇದಕ್ಕಾಗಿ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಸಣ್ಣ ಕಚ್ಚನ್ನು ಕೊರೆದಿರುತ್ತಿದ್ದರು. ಅದರ ಹೆಸರು 'ಕೆಂತೊ'. ಹಾಳೆಯ ಮೂಲೆಯನ್ನು ಆ ಕಚ್ಚಿಗೆ ಕೊಟ್ಟರೆ ಪ್ರತಿಸಲವೂ ಅದು ಅದೇ ಜಾಗಕ್ಕೆ ಬಂದು ಕೂಡುತ್ತದೆ. ಯಂತ್ರವಿಲ್ಲ, ಒತ್ತುವ ತಿರುಪು ಇಲ್ಲ. ನೀರಿನಲ್ಲಿ ಕದಡಿದ ಬಣ್ಣಕ್ಕೆ ಅಕ್ಕಿಯ ಅಂಟನ್ನು ಕೂಡಿಸಿ ಹಲಗೆಗೆ ಹಚ್ಚಿ, ಹಾಳೆಯನ್ನು ಮೇಲಿಟ್ಟು, ಬಿದಿರಿನ ಸಿಪ್ಪೆಯನ್ನು ಸುತ್ತಿದ ಒಂದು ಗುಂಡು ತಟ್ಟೆಯಿಂದ ಬೆನ್ನನ್ನು ಉಜ್ಜಿದರೆ ಆಯಿತು. ಹಿಪ್ಪುನೇರಳೆಯ ಜಾತಿಯ ಗಿಡದ ನಾರಿನಿಂದ ಮಾಡಿದ ಆ ಕಾಗದ ಇಷ್ಟೆಲ್ಲ ಉಜ್ಜಾಟವನ್ನೂ ತಾಳಿಕೊಳ್ಳುತ್ತಿತ್ತು.

ಹೀಗೆ ಒಂದು ಚಿತ್ರಕ್ಕೆ ನಾಲ್ವರು ಬೇಕು: ಹಣ ಹಾಕಿ, ವಿಷಯ ಸೂಚಿಸಿ, ಮಾರುವ ಪ್ರಕಾಶಕ, ಬರೆಯುವವನು, ಕೆತ್ತುವವನು, ಅಚ್ಚೊತ್ತುವವನು. ಹೆಸರು ಉಳಿದದ್ದು ಮಾತ್ರ ಬಹುಮಟ್ಟಿಗೆ ಬರೆದವನದು. ಹೊಕುಸಾಯಿಯನ್ನು ಲೋಕವೆಲ್ಲ ಬಲ್ಲದು. ಅವನ ದೊಡ್ಡ ಅಲೆಯ ನೊರೆಯ ಒಂದೊಂದು ಉಗುರನ್ನೂ ಕಟ್ಟಿಗೆಯಲ್ಲಿ ಬಿಡಿಸಿದವನನ್ನು ಎಷ್ಟು ಮಂದಿ ಕೇಳಿದ್ದಾರೆ?

೧೭೬೫ರ ಸುಮಾರಿಗೆ ಸುಜುಕಿ ಹರುನೊಬುವಿನ ಕೈಯಲ್ಲಿ ಈ ಬಹುವರ್ಣದ ಅಚ್ಚು ಪೂರ್ಣ ರೂಪಕ್ಕೆ ಬಂತು. ಆಗಿನ ಎಡೋ, ಅಂದರೆ ಈಗಿನ ಟೋಕಿಯೊ, ಹತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ಮಹಾನಗರ. ಅಲ್ಲಿಯ ವ್ಯಾಪಾರಿಗಳು, ಕುಶಲಕರ್ಮಿಗಳು, ಆಳುಗಳು ತಮ್ಮ ಮೆಚ್ಚಿನ ನಟರ, ಗಣಿಕೆಯರ, ಪೈಲವಾನರ ಚಿತ್ರಗಳನ್ನು ಕೊಳ್ಳುತ್ತಿದ್ದರು. ಆಮೇಲೆ ಹೊಕುಸಾಯಿ ಬಂದನು; ೧೮೩೦ರ ಸುಮಾರಿನಿಂದ ಫುಜಿ ಬೆಟ್ಟದ ಮೂವತ್ತಾರು ನೋಟಗಳು ಹೊರಟವು. ಕೊಳ್ಳುವವರ ಉತ್ಸಾಹದಿಂದ ಮೂವತ್ತಾರು ನಲವತ್ತಾರಕ್ಕೆ ಏರಿತು! ಹಿರೊಶಿಗೆಯು ೧೮೩೩-೩೪ರಲ್ಲಿ ತೊಕೈದೊ ಹೆದ್ದಾರಿಯ ಐವತ್ತಮೂರು ತಂಗುದಾಣಗಳನ್ನು ತಂದನು. ಒಂದು ಚಿತ್ರದ ಬೆಲೆ ಏನು? ಬೀದಿಯ ಅಂಗಡಿಯಲ್ಲಿ ಒಂದು ಬಟ್ಟಲು ಶ್ಯಾವಿಗೆಗೆ ಕೊಡುವಷ್ಟು, ಹೆಚ್ಚೂ ಕಡಿಮೆ. ಈ ಬಟ್ಟಲು ಶ್ಯಾವಿಗೆಯನ್ನು ಕೇಳುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ.

ಇನ್ನೊಂದು ಸಂಗತಿ. ಹೊಕುಸಾಯಿಯ ಅಲೆಯ ಆ ಗಾಢವಾದ ನೀಲಿ ಜಪಾನದ್ದಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಅಕಸ್ಮಾತ್ತಾಗಿ ಹುಟ್ಟಿದ ಬಣ್ಣವದು. ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿಯೂ ನಾಗಾಸಾಕಿಯ ಬಂದರಿನ ಕಿಂಡಿಯಿಂದ ಒಳಗೆ ನುಸುಳಿತು. ದೂರದ್ದು ಸಣ್ಣದಾಗಿ ಕಾಣುವ ಪಾಶ್ಚಾತ್ಯ ದೃಷ್ಟಿಕ್ರಮವನ್ನೂ ಎಡೋದ ಚಿತ್ರಕಾರರು ಡಚ್ಚರು ತಂದ ಚಿತ್ರಗಳಿಂದ ಕಲಿತಿದ್ದರು. ಆದ್ದರಿಂದ ಪ್ಯಾರಿಸ್ಸಿನವರು ಜಪಾನದ ಅಚ್ಚುಗಳನ್ನು ಕಂಡು ಬೆರಗಾದಾಗ, ಆ ಬೆರಗಿನ ಒಂದು ಮೂಲೆಯಲ್ಲಿ ಅವರದೇ ಮನೆಯ ಸಾಮಾನೂ ಇತ್ತು. ಕಲೆಯ ವ್ಯವಹಾರದಲ್ಲಿ ಶುದ್ಧ ಸ್ವದೇಶಿಯನ್ನು ಹುಡುಕ ಹೊರಟವರು ಬರಿಗೈಯಲ್ಲಿ ಮರಳುತ್ತಾರೆ.

೧೮೫೩ರಲ್ಲಿ ಅಮೆರಿಕದ ಪೆರಿ ಎಂಬ ನೌಕಾಧಿಪತಿ ಯುದ್ಧನೌಕೆಗಳೊಡನೆ ಬಂದು ಜಪಾನದ ಬಾಗಿಲನ್ನು ತಟ್ಟಿದನು. ಮುಂದಿನ ಕೆಲವೇ ವರ್ಷಗಳಲ್ಲಿ ಅಚ್ಚಿನ ಚಿತ್ರಗಳು ಯುರೋಪನ್ನು ಸೇರತೊಡಗಿದವು. ಬ್ರಾಕ್ಮೊಂ ಎಂಬ ಫ್ರೆಂಚ್ ಮುದ್ರಣಚಿತ್ರಕಾರನು ೧೮೫೬ರಲ್ಲಿ ಪ್ಯಾರಿಸ್ಸಿನ ಒಂದು ಅಚ್ಚುಕೂಟದಲ್ಲಿ ಪಿಂಗಾಣಿಯ ಪಾತ್ರೆಗಳು ಒಡೆಯದಂತೆ ತುರುಕಿದ್ದ ಹೊಕುಸಾಯಿಯ ಚಿತ್ರಪುಸ್ತಕವನ್ನು ಕಂಡನೆಂಬ ಕಥೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಥೆ ಸ್ವಲ್ಪ ಹೆಚ್ಚೇ ಚೆನ್ನಾಗಿದೆ, ಪೂರ್ತಿ ನಂಬಬೇಕಾಗಿಲ್ಲ. ೧೮೬೭ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಜಪಾನ ತಾನೇ ಮಳಿಗೆ ತೆರೆಯಿತು. ೧೮೭೨ರಲ್ಲಿ ಬುರ್ತಿ ಎಂಬ ವಿಮರ್ಶಕ ಈ ಹುಚ್ಚಿಗೆ 'ಜಪೊನಿಸ್ಮ್' ಎಂದು ಹೆಸರಿಟ್ಟನು. ವ್ಯಾನ್ ಗೋ ತನ್ನ ತಮ್ಮನೊಡನೆ ನೂರಾರು ಅಚ್ಚುಗಳನ್ನು ಕೂಡಿಹಾಕಿದ್ದನು. ೧೮೮೭ರಲ್ಲಿ ಹಿರೊಶಿಗೆಯ ಎರಡು ಚಿತ್ರಗಳನ್ನು, ಕಾಮೆಯ್ದೊದ ಮರವೊಂದು, ಮಳೆಯಲ್ಲಿ ಸೇತುವೆಯೊಂದು, ಎಣ್ಣೆಬಣ್ಣದಲ್ಲಿ ನಕಲು ಮಾಡಿ, ಅಂಚಿಗೆ ಅರ್ಥ ತಿಳಿಯದ ಜಪಾನಿ ಅಕ್ಷರಗಳನ್ನು ಅಲಂಕಾರಕ್ಕೆಂದು ಬರೆದುಕೊಂಡನು.

ನಕಲು ಬೇರೆ, ಪ್ರಭಾವ ಬೇರೆ. ಪ್ರಭಾವ ಎಂದರೆ ಏನೆಂಬುದನ್ನು ತೋರಿಸಿದವಳು ಮೇರಿ ಕಸಾಟ್ ಎಂಬ ಹೆಣ್ಣುಮಗಳು. ಅಮೆರಿಕದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲಸಿದ್ದವಳು. ೧೮೯೦ರ ವಸಂತದಲ್ಲಿ ಅಲ್ಲಿಯ ಕಲಾಶಾಲೆಯಲ್ಲಿ ಏಳುನೂರಕ್ಕೂ ಹೆಚ್ಚು ಜಪಾನೀ ಅಚ್ಚುಗಳ ಪ್ರದರ್ಶನ ನಡೆಯಿತು. ಅದನ್ನು ನೋಡಿ ಬಂದವಳು ಹತ್ತು ಬಣ್ಣದ ಚಿತ್ರಗಳ ಒಂದು ಮಾಲೆಯನ್ನು ಕೈಗೆತ್ತಿಕೊಂಡಳು. ಆಕೆ ಕಟ್ಟಿಗೆಯನ್ನು ಮುಟ್ಟಲಿಲ್ಲ. ಕಿಮೊನೊ ತೊಟ್ಟ ಹೆಂಗಸರನ್ನು ಬರೆಯಲಿಲ್ಲ. ತನಗೆ ಗೊತ್ತಿದ್ದ ತಾಮ್ರದ ತಗಡನ್ನೇ ಸೂಜಿಯಿಂದ ಗೀರಿ, ಆಮ್ಲದಿಂದ ತಿನ್ನಿಸಿ, ಬಣ್ಣ ಹಚ್ಚಿ ಒತ್ತಿದಳು. ವಿಷಯವೆಂದರೆ ಪ್ಯಾರಿಸ್ಸಿನ ಮಧ್ಯಮವರ್ಗದ ಮನೆಯೊಳಗಿನ ಹೆಣ್ಣಿನ ದಿನಚರಿ: ಒಬ್ಬಳು ಪತ್ರದ ಲಕೋಟೆಯ ಅಂಟನ್ನು ನಾಲಗೆಯಿಂದ ಒದ್ದೆಮಾಡುತ್ತಿದ್ದಾಳೆ, ಒಬ್ಬಳು ಬೆನ್ನು ತಿರುಗಿಸಿಕೊಂಡು ಬೋಗುಣಿಯ ಮುಂದೆ ಮೈತೊಳೆಯುತ್ತಿದ್ದಾಳೆ, ಒಬ್ಬ ತಾಯಿ ಕೂಸಿಗೆ ನೀರು ಹಾಕಲಿದ್ದಾಳೆ. ನೆರಳಿಲ್ಲ, ಮೈಯ ಉಬ್ಬುತಗ್ಗಿನ ಸೂಕ್ಷ್ಮ ವರ್ಣನೆ ಇಲ್ಲ. ಒಂದು ಖಚಿತವಾದ ಗೆರೆ, ಅದರೊಳಗೆ ಸಮತಟ್ಟಾದ ಬಣ್ಣ, ಅಷ್ಟೆ. ಆ ಬೆನ್ನಿನ ಗೆರೆಯೊಂದನ್ನು ನೋಡಿದರೆ ಸಾಕು, ಎಡೋದ ಕಲೆ ಪ್ಯಾರಿಸ್ಸಿನಲ್ಲಿ ಕರಗಿ ರಕ್ತಗತವಾದುದು ತಿಳಿಯುತ್ತದೆ. ಒಂದೊಂದರಲ್ಲಿಯೂ ಇಪ್ಪತ್ತೈದೇ ಪ್ರತಿಗಳು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವುಗಳ ಅಂಚಿನ ಬರಹ: ಚಿತ್ರಕರ್ತೃವೂ ಲೆರುವಾ ಎಂಬವರೂ ಸೇರಿ ಅಚ್ಚೊತ್ತಿದುದೆಂದು ಆಕೆ ಕೈಯಾರೆ ಬರೆದಿದ್ದಾಳೆ. ಲೆರುವಾ ಅಚ್ಚಿನ ಕೆಲಸಗಾರ. ಹೊಕುಸಾಯಿಯ ಕೆತ್ತನೆಗಾರನಿಗೆ ಸಿಗದಿದ್ದ ಜಾಗ ಈ ಮನುಷ್ಯನಿಗೆ ಸಿಕ್ಕಿತು.

ತುಲೂಸ್-ಲೋತ್ರೆಕ್ ೧೮೯೧ರಿಂದ ಬೀದಿಯ ಗೋಡೆಗೆ ಕಲ್ಲಚ್ಚಿನ ದೊಡ್ಡ ಜಾಹೀರಾತುಗಳನ್ನು ತಂದದ್ದೂ, ವಲತೊಂ ಎಂಬವನು ಕಪ್ಪುಬಿಳುಪಿನ ಮರದಚ್ಚಿಗೆ ಹೊಸ ಹರಿತವನ್ನು ಕೊಟ್ಟದ್ದೂ, ಹಾಂರಿ ರಿವಿಯೇರ್ ಫುಜಿ ಬೆಟ್ಟದ ಜಾಗದಲ್ಲಿ ಐಫೆಲ್ ಗೋಪುರವನ್ನು ನಿಲ್ಲಿಸಿ ಮೂವತ್ತಾರು ನೋಟಗಳನ್ನು ಬರೆದು ೧೯೦೨ರಲ್ಲಿ ಪ್ರಕಟಿಸಿದ್ದೂ ಇದೇ ಹೊಳೆಯ ಕವಲುಗಳು. ಯುರೋಪಿನಲ್ಲಿ ಮರದಚ್ಚು ಆಗ ಪತ್ರಿಕೆಗಳ ಕೂಲಿ ಕೆಲಸವಾಗಿ ಇಳಿದಿತ್ತು. ಅಡ್ಡ ಕೊಯ್ದ ಗಟ್ಟಿ ಮರದ ತುಂಡಿನ ಮೇಲೆ ಬೂದುಬಣ್ಣದ ಸಾವಿರ ಗೀರುಗಳನ್ನು ಎಳೆದು ಛಾಯಾಚಿತ್ರವನ್ನು ಅನುಕರಿಸುವುದೇ ಅದರ ಜಾಣತನ. ಜಪಾನದವರು ಉದ್ದ ಹಲಗೆಯನ್ನು ಹಿಡಿದು, ಹಲಗೆಯನ್ನು ಹಲಗೆಯಾಗಿಯೇ ಮಾತನಾಡಿಸಿದ್ದನ್ನು ನೋಡಿ ಇವರಿಗೆ ಕಣ್ಣು ತೆರೆಯಿತು. ನಾರ್ವೆಯ ಮುಂಕ್ ೧೮೯೬ರಿಂದ ಮರವನ್ನು ಕೆತ್ತತೊಡಗಿದನು. ಬಣ್ಣಕ್ಕೊಂದು ಹಲಗೆ ಎಂಬ ಶಾಸ್ತ್ರವನ್ನು ಬಿಟ್ಟು ಒಂದೇ ಹಲಗೆಯನ್ನು ಗರಗಸದಿಂದ ತುಂಡರಿಸಿ, ತುಂಡುಗಳಿಗೆ ಬೇರೆಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಒತ್ತಿದನು. ಮರದ ನಾರು ನಾರನ್ನೂ ಕಾಗದದ ಮೇಲೆ ಮೂಡಗೊಟ್ಟನು. ಇನ್ನು ಅದನ್ನು ಜಪಾನದ ಪ್ರಭಾವ ಎಂದು ಕರೆಯುವುದೂ ಕಷ್ಟ. ಬೀಜ ಯಾವುದಾದರೇನು, ನೆಲ ಉತ್ತರದ್ದು.

ಈಗ ನಮ್ಮ ಕಡೆಗೆ ಬರೋಣ.

೧೯೦೨ರಲ್ಲಿ ಒಕಾಕುರ ಕಾಕುಜೊ ಎಂಬ ಜಪಾನೀ ವಿದ್ವಾಂಸನು ಕಲಕತ್ತೆಗೆ ಬಂದನು. ಠಾಕೂರರ ಮನೆತನದೊಡನೆಯೂ ಸೋದರಿ ನಿವೇದಿತೆಯೊಡನೆಯೂ ಅವನ ಸ್ನೇಹ ಬೆಳೆಯಿತು. ಏಷ್ಯದ ಏಕತೆಯನ್ನು ಸಾರುವ ಅವನ ಇಂಗ್ಲಿಷ್ ಗ್ರಂಥ ಮರುವರ್ಷ ನಿವೇದಿತೆಯ ಮುನ್ನುಡಿಯೊಡನೆ ಹೊರಬಂದಿತು. ೧೯೦೩ರಲ್ಲಿ ಅವನು ಕಳಿಸಿಕೊಟ್ಟ ಇಬ್ಬರು ತರುಣ ಚಿತ್ರಕಾರರು, ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೊ, ಕಲಕತ್ತೆಗೆ ಬಂದು ತಂಗಿದರು. ತೈಕಾನನು ಚಿತ್ರವನ್ನು ಬರೆಯುತ್ತ ನಡುನಡುವೆ ನೀರಿನ ಕುಂಚವನ್ನು ಎಳೆದು ಬಣ್ಣವನ್ನು ಮೃದುಗೊಳಿಸುವುದನ್ನು ಅವನೀಂದ್ರನಾಥ ಠಾಕೂರರು ನೋಡಿದರು. ನೋಡಿ, ಒಂದು ಹೆಜ್ಜೆ ಮುಂದೆ ಹೋಗಿ, ಹಾಳೆಯನ್ನೇ ನೀರಿನಲ್ಲಿ ಅದ್ದಿಬಿಟ್ಟರು. ಬಣ್ಣ ಹಚ್ಚುವುದು, ಅದ್ದುವುದು, ಆರಿಸುವುದು, ಮತ್ತೆ ಹಚ್ಚುವುದು: 'ವಾಶ್' ಎಂದು ಹೆಸರಾದ ಆ ವಿಧಾನದಿಂದ ೧೯೦೫ರ 'ಭಾರತಮಾತೆ' ಮೂಡಿದಳು, ಬಂಗಾಳ ಪಂಥವೆಂಬ ಒಂದು ದೊಡ್ಡ ಪರಂಪರೆಯೇ ಮೂಡಿತು.

ಆದರೆ ತೈಕಾನನ ಕೈಯಲ್ಲಿದ್ದದ್ದು ಹಿರೊಶಿಗೆಯ ಜಪಾನವಲ್ಲ. ಅಲ್ಲಿಯ ಹೊಸ ಪೀಳಿಗೆ ಆಗಲೇ ಗೆರೆಯನ್ನು ಬಿಟ್ಟು, ಗಾಳಿಯನ್ನೂ ಬೆಳಕನ್ನೂ ಹಿಡಿಯುವ ಪ್ರಯೋಗದಲ್ಲಿ ತೊಡಗಿತ್ತು. ಪಾಶ್ಚಾತ್ಯ ಚಿತ್ರಗಳಲ್ಲಿ ಕಂಡ ವಾತಾವರಣದ ಸೊಗಸಿಗೆ ಜಪಾನದ ಕುಂಚದಿಂದ ಉತ್ತರ ಕೊಡುವ ಹಟ ಅದು. ಅವರ ದೇಶದ ವಿಮರ್ಶಕರು ಅದನ್ನು 'ಮೊರೊತಾಯ್', ಮಬ್ಬು ಶೈಲಿ, ಎಂದು ಹೀಯಾಳಿಸುತ್ತಿದ್ದ ಕಾಲ. ಪ್ಯಾರಿಸ್ಸಿನವರು ತಮ್ಮ ಮಬ್ಬನ್ನು ಬಿಟ್ಟು ಜಪಾನದ ಗೆರೆಯನ್ನು ಹಿಡಿಯುತ್ತಿದ್ದಾಗ ಜಪಾನದವರು ತಮ್ಮ ಗೆರೆಯನ್ನು ಬಿಟ್ಟು ಪಶ್ಚಿಮದ ಮಬ್ಬನ್ನು ಹಿಡಿದಿದ್ದರು. ಆ ಮಬ್ಬು ಪೂರ್ವದ ಆತ್ಮವೆಂಬ ಹೆಸರಿನಲ್ಲಿ ಕಲಕತ್ತೆಗೆ ಬಂದು ಇಳಿಯಿತು. ರವಿವರ್ಮನ ಎಣ್ಣೆಬಣ್ಣ ವಿಲಾಯತಿಯದೆಂದು ದೂರಿ ಹೊರಗಟ್ಟಿದ ಬಾಗಿಲಿನಿಂದಲೇ ಇದನ್ನು ಒಳಗೆ ಕರೆದುಕೊಂಡದ್ದನ್ನು ನೆನೆದರೆ ನಗು ಬರುತ್ತದೆ. ಬಂಗಾಳ ಪಂಥವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವನೀಂದ್ರರ ಚಿತ್ರಗಳನ್ನು ಪ್ರೀತಿಸುವವನು ನಾನು. ಆದರೆ ಅವರ ಅನುಯಾಯಿಗಳಲ್ಲಿ ಅನೇಕರಿಗೆ ಆ ಮಂಜು ರೇಖೆಯ ದೌರ್ಬಲ್ಯವನ್ನು ಮುಚ್ಚುವ ಶಾಲಾಗಿ ಒದಗಿತೆಂಬುದನ್ನು ಹೇಳದೆ ಇರಲಾಗದು.

ಈ ಗುರುಕುಲಕ್ಕೆ ೧೯೦೯ರಲ್ಲಿ ಮೈಸೂರಿನಿಂದ ಕೆ. ವೆಂಕಟಪ್ಪನವರು ಹೋದರು. ೧೮೮೬ರಲ್ಲಿ ಹುಟ್ಟಿದವರು, ಅರಮನೆಯ ಚಿತ್ರಗಾರರ ಮನೆತನ. ಚಿನ್ನದ ರೇಕನ್ನು ಅಂಟಿಸುವುದು, ಒಂದು ಕೂದಲಿನ ಕುಂಚದಿಂದ ಒಡವೆಯ ಮಣಿಯನ್ನು ಎಣಿಸಿ ಬರೆಯುವುದು ಆ ಮನೆತನಗಳ ಕಸುಬು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿದರು. ಪರ್ಸಿ ಬ್ರೌನ್ ಅಲ್ಲಿಯ ಪ್ರಾಂಶುಪಾಲ, ಅವನೀಂದ್ರರು ಉಪಪ್ರಾಂಶುಪಾಲರು, ನಂದಲಾಲ ಬಸು ಮತ್ತು ಅಸಿತಕುಮಾರ ಹಾಲ್ದಾರ ಒಡನಾಡಿಗಳು. ಹೆರಿಂಗ್‌ಹ್ಯಾಂ ಎಂಬ ಆಂಗ್ಲ ಮಹಿಳೆ ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯುವ ಕೆಲಸವನ್ನು ಹೊತ್ತಾಗ ಅವಳಿಗೆ ನೆರವಾದ ತರುಣರಲ್ಲಿ ವೆಂಕಟಪ್ಪನವರೂ ಒಬ್ಬರು. ನಿವೇದಿತೆ ಆರಂಭಿಸಿ, ಅವಳ ಮರಣದ ಬಳಿಕ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿ, ೧೯೧೩ರಲ್ಲಿ ಲಂಡನ್ನಿನಿಂದ ಪ್ರಕಟವಾದ ಹಿಂದೂ-ಬೌದ್ಧ ಪುರಾಣಗಳ ಗ್ರಂಥದಲ್ಲಿ ಮೂವತ್ತೆರಡು ವರ್ಣಚಿತ್ರಗಳಿವೆ. ರಾಮಾಯಣ ಭಾಗದ ಹಲವು ಚಿತ್ರಗಳು ಇವರವು. ಮರುವರ್ಷ ಭಾರತೀಯ ಶಿಲ್ಪಚಿತ್ರಗಳ ಅಂಗಲಕ್ಷಣಗಳನ್ನು ಕುರಿತು ಅವನೀಂದ್ರರು ಒಂದು ಚಿಕ್ಕ ಪುಸ್ತಕವನ್ನು ತಂದಾಗ ಅದಕ್ಕೆ ರೇಖಾಚಿತ್ರಗಳನ್ನು ಬರೆದುಕೊಟ್ಟವರು ನಂದಲಾಲರು ಮತ್ತು ವೆಂಕಟಪ್ಪನವರು.

ಗುರು ಆರಿಸಿದ್ದು ಈ ಇಬ್ಬರನ್ನು. ಕಾರಣ ಊಹಿಸುವುದು ಕಷ್ಟವಲ್ಲ. ಅಂಗಲಕ್ಷಣವೆಂದರೆ ಮಂಜಿನಲ್ಲಿ ಮರೆಸಲಾಗದ ವಿಷಯ. ಹುಬ್ಬು ಬೇವಿನೆಲೆಯ ಹಾಗೆ ಎಂದರೆ ಬೇವಿನೆಲೆಯ ಅಂಚು ನಿಖರವಾಗಿ ಬರಬೇಕು. ಅದಕ್ಕೆ ಗೆರೆ ಬಲ್ಲ ಕೈ ಬೇಕು. ಮೈಸೂರಿನ ಚಿತ್ರಗಾರರ ಮನೆಯಲ್ಲಿ ಆ ಕೈ ಪಳಗಿತ್ತು. ವೆಂಕಟಪ್ಪನವರ ಕಲಕತ್ತೆಯ ಚಿತ್ರಗಳಲ್ಲಿ ನಾನು ಕಾಣುವುದು ಈ ಎರಡು ಶಕ್ತಿಗಳ ಜಗ್ಗಾಟವನ್ನು: ಮೇಲೆ ತೊಳೆದ ಬಣ್ಣದ ಮೃದುತ್ವ, ಒಳಗೆ ಮೈಸೂರಿನ 'ತಪ್ಪಬಾರದು' ಎಂಬ ಹಟ.

೧೯೧೬ರ ಸುಮಾರಿಗೆ ಅವರು ಮೈಸೂರಿಗೆ ಮರಳಿದರು. ಮುಂದಿನ ಕಥೆ ಸುಖದ್ದಲ್ಲ. ಮದುವೆಯಾಗಲಿಲ್ಲ, ಶಿಷ್ಯರ ಗುಂಪನ್ನು ಕಟ್ಟಲಿಲ್ಲ, ಚಿತ್ರಗಳನ್ನು ಮಾರುವುದರಲ್ಲಿ ಮನಸ್ಸಿರಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯತೊಡಗಿ ಅದರಲ್ಲಿಯೇ ಮುಳುಗಿದರು. ಆ ಮುಳುಗಾಟವನ್ನು ತಾವೇ ಗೇಲಿಮಾಡಿಕೊಂಡು 'ವೀಣೆಯ ಹುಚ್ಚು' ಎಂಬ ಅರ್ಥದ ಹೆಸರಿನ ಚಿತ್ರವನ್ನು ಬರೆದರು. ಆಮೇಲೆ ೧೯೨೬ರಿಂದ ಊಟಿ ಮತ್ತು ಕೊಡೈಕಾನಲ್ಲಿನ ಗುಡ್ಡಗಳಿಗೆ ಹೋಗಿ ನೀರುಬಣ್ಣದಲ್ಲಿ ನಿಸರ್ಗಚಿತ್ರಗಳನ್ನು ಬರೆಯತೊಡಗಿದರು. ಪುರಾಣವಿಲ್ಲ, ರಾಮನಿಲ್ಲ, ಸೀತೆಯಿಲ್ಲ. ಕೆರೆಯ ಮೇಲಿನ ಬೆಳಗು, ಮುಂಗಾರಿನ ಮೋಡ, ಬೆಳುದಿಂಗಳು. ಇಲ್ಲಿ ಮಂಜಿದೆ, ಆದರೆ ಇದು ಕಲಕತ್ತೆಯ ಕೋಣೆಯಲ್ಲಿ ಹಾಳೆಯನ್ನು ಅದ್ದಿ ಹುಟ್ಟಿಸಿದ ಮಂಜಲ್ಲ, ನೀಲಗಿರಿಯ ಇಳಿಜಾರಿನಿಂದ ಏಳುವ ನಿಜವಾದ ಮಂಜು. ಯಾವ ಮರದ ತುದಿ ಎಷ್ಟು ಕಾಣಬೇಕೋ ಅಷ್ಟೇ ಕಾಣುತ್ತದೆ. ತೈಕಾನನಿಂದ ಅವನೀಂದ್ರರಿಗೆ, ಅವನೀಂದ್ರರಿಂದ ವೆಂಕಟಪ್ಪನವರಿಗೆ ಬಂದ ಪಾಠ ಇಲ್ಲಿ ಕೊನೆಗೂ ತನ್ನ ನೆಲವನ್ನು ಮುಟ್ಟಿತು ಎಂದು ನಾನು ಹೇಳಬಯಸುತ್ತೇನೆ.

ಮೈಸೂರಿಗೆ ಜಪಾನದ ಇನ್ನೊಂದು ನಂಟೂ ಇತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ೧೯೧೯-೨೦ರಲ್ಲಿ ಟೋಕಿಯೊದ ಕೆಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಭಾರತಕ್ಕೆ ಮರಳಿದವರು. ೧೯೨೪ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಆಧುನಿಕ ಭಾರತೀಯ ಚಿತ್ರಗಳ ಸಂಗ್ರಹವನ್ನು ಅಣಿಗೊಳಿಸಿದವರು ಅವರೇ. ಬಂಗಾಳ ಪಂಥದ ಚಿತ್ರಗಳು ಮೈಸೂರಿನ ಸಾಮಾನ್ಯ ಜನರ ಕಣ್ಣಿಗೆ ಬಿದ್ದದ್ದು ಅವರ ದೆಸೆಯಿಂದ. ಸಾಹಿತ್ಯಪ್ರಿಯರಾದ ತಮಗೆ ಈ ಹೆಸರು ಬೇರೊಂದು ಕಾರಣಕ್ಕೆ ಗೊತ್ತು. ಅದೇ ವರ್ಷ ಪುಟ್ಟಪ್ಪ ಎಂಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ಕಾಣಹೋದಾಗ, ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿ ಕಳಿಸಿದವರು ಈ ಕಸಿನ್ಸರೇ. ಕುವೆಂಪು ಅವರ ಮಟ್ಟಿಗೆ ಆ ಮಾತು ಫಲಿಸಿತು. ಕನ್ನಡದ ಹೊಸ ಕಾವ್ಯ ಅಚ್ಚಾಗಿ, ಅಗ್ಗದ ಪುಸ್ತಕವಾಗಿ, ಹಳ್ಳಿಯ ಶಾಲೆಯ ಕಪಾಟಿನವರೆಗೂ ಹೋಯಿತು. ಅವರೇ ಕಟ್ಟಿದ ಚಿತ್ರಶಾಲೆಯ ಚಿತ್ರಗಳು ಮಾತ್ರ ಚಿತ್ರಶಾಲೆಯ ಗೋಡೆಯನ್ನು ಬಿಟ್ಟು ಇಳಿಯಲಿಲ್ಲ.

ಇಲ್ಲಿ ಆ ಬಟ್ಟಲು ಶ್ಯಾವಿಗೆ ನೆನಪಾಗಬೇಕು. ಜಪಾನದಿಂದ ನಾವು ತೆಗೆದುಕೊಂಡದ್ದು ಒಂದೇ ಪ್ರತಿಯ ಚಿತ್ರವನ್ನು. ಕೊಳ್ಳಲು ಅರಸನೋ ಜಮೀನುದಾರನೋ ಬೇಕು. ಯುರೋಪು ತೆಗೆದುಕೊಂಡದ್ದು ಬೀದಿಯಲ್ಲಿ ಮಾರುವ ಚಿತ್ರವನ್ನು. ಕಲಕತ್ತೆಯ ಬಟತಲೆಯ ಓಣಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಮ್ಮವರು ಕಟ್ಟಿಗೆಯ ಅಚ್ಚಿನಿಂದ ದೇವದೇವಿಯರನ್ನು ಒತ್ತಿ ಕಾಸಿಗೊಂದು ಮಾರುತ್ತಿದ್ದರು; ಠಾಕೂರರ ಮನೆಯಿಂದ ಅದು ನಡೆದುಹೋಗುವಷ್ಟು ಹತ್ತಿರ. ಆದರೂ ತೈಕಾನನನ್ನು ಬರಮಾಡಿಕೊಂಡವರು ಆ ಓಣಿಯ ಕೆತ್ತನೆಗಾರನನ್ನು ಕರೆದು ಅವನೊಡನೆ ಕೂಡಿಸಲಿಲ್ಲ. ನಂದಲಾಲರು ಬಹಳ ತಡವಾಗಿ, ೧೯೩೦ರಲ್ಲಿ, ರವೀಂದ್ರರ ಮಕ್ಕಳ ಪಾಠಪುಸ್ತಕಕ್ಕೆ ಅಚ್ಚು ಕೆತ್ತಿ ಆ ಕೊರತೆಯನ್ನು ಸ್ವಲ್ಪ ತುಂಬಿದರು.

ಹಾಗಾದರೆ ನಮ್ಮ ಚಿಕ್ಕೇರೂರಿನ ಗೋಡೆಗಳ ಮೇಲೆ ಏನಿತ್ತು? ಆಗ ನಮ್ಮದು ಮುಂಬಯಿ ಇಲಾಖೆ. ೧೮೯೪ರಲ್ಲಿ ಮುಂಬಯಿಯಲ್ಲಿ ಸುರುವಾದ ರವಿವರ್ಮನ ಅಚ್ಚುಕೂಟದ, ಪುಣೆಯ ಚಿತ್ರಶಾಳೆಯ ಪಟಗಳು: ಕಮಲದ ಮೇಲಿನ ಲಕ್ಷ್ಮಿ, ಮೊಸಳೆಯಿಂದ ಬಿಡಿಸಿಕೊಂಡ ಗಜೇಂದ್ರ. ಇವು ಕಲ್ಲಚ್ಚಿನ ಎಣ್ಣೆಹೊಳಪಿನ ಚಿತ್ರಗಳು. ಜಪಾನ ನಮ್ಮ ಊರಿಗೆ ಬರಲಿಲ್ಲವೆಂದಲ್ಲ, ಬಂತು. ಆದರೆ ಕಡ್ಡಿಪೆಟ್ಟಿಗೆಯ ಮೇಲೆ ಕುಳಿತು ಬಂತು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ನಮ್ಮ ದೇಶದ ಒಲೆಗಳನ್ನು ಹೊತ್ತಿಸಿದ ಬೆಂಕಿಕಡ್ಡಿಗಳಲ್ಲಿ ಬಹುಪಾಲು ಕೋಬೆ, ಒಸಾಕಾಗಳಿಂದ ಬಂದವು. ೧೯೨೨ರಲ್ಲಿ ಆಮದು ಸುಂಕ ಏರಿ, ದೇಶದಲ್ಲಿಯೇ ಕಾರಖಾನೆಗಳು ಎದ್ದ ಮೇಲೆ ಅದು ಇಳಿಯಿತು. ಆ ಪೆಟ್ಟಿಗೆಗಳ ಚೀಟಿಯ ಮೇಲೆ ಹಿಂದೂಸ್ಥಾನದ ಗಿರಾಕಿಗಳಿಗೆಂದೇ ಕೃಷ್ಣ, ಗಣಪತಿ, ರವಿವರ್ಮನ ದೇವಿಯರು ಅಚ್ಚಾಗಿರುತ್ತಿದ್ದರು. ನನ್ನ ಅಜ್ಜಿಯ ಟ್ರಂಕಿನ ಮುಚ್ಚಳದ ಒಳಮೈಗೆ ಅಂಥದೊಂದು ಚೀಟಿ ಅಂಟಿಸಿತ್ತು: ಬೆರಳೆರಡರಷ್ಟು ಅಗಲದ ಕೊಳಲು ಕೃಷ್ಣ. ಅವನ ಕಣ್ಣು ತುಸು ಓರೆ, ಪೀತಾಂಬರದ ನೆರಿಗೆ ಕಿಮೊನೊದ ನೆರಿಗೆ. ಕೆಂಪು ಬಣ್ಣ ಗೆರೆಯನ್ನು ಮೀರಿ ಒಂದು ಕೂದಲೆಳೆ ಹೊರಗೆ ಬಂದಿತ್ತು. ಅಜ್ಜಿಗೆ ಅದು ದೇವರು. ಟ್ರಂಕು ತೆಗೆದಾಗೊಮ್ಮೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಪ್ಯಾರಿಸ್ಸಿಗೆ ಹೊಕುಸಾಯಿ ಪಿಂಗಾಣಿಯ ಪೆಟ್ಟಿಗೆಯಲ್ಲಿ ತುರುಕಿದ ಕಾಗದವಾಗಿ ಹೋದನೆಂಬ ಕಥೆಯನ್ನು ನಾನು ಪೂರ್ತಿ ನಂಬದಿದ್ದರೂ ಪೂರ್ತಿ ತಳ್ಳಿಹಾಕದಿರುವುದು ಈ ಚೀಟಿಯ ದೆಸೆಯಿಂದ.

ವೆಂಕಟಪ್ಪನವರು ೧೯೬೫ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರ ಹೆಸರನ್ನು ಇಟ್ಟರು. ಅವರ ಊಟಿಯ ಚಿತ್ರಗಳು ನಮ್ಮ ಕಡೆಯ ಯಾವ ಮನೆಯ ಗೋಡೆಯ ಮೇಲೆಯೂ ತೂಗಿದ್ದನ್ನು ನಾನು ಕಂಡಿಲ್ಲ.

ಆ ಚಿತ್ರಗಳನ್ನು ಅವರು ಬರೆಯುತ್ತಿದ್ದ ದಿನಗಳಲ್ಲಿಯೇ, ೧೯೩೦-೩೧ರ ಚಳಿಗಾಲದಲ್ಲಿ, ಯೊಶಿದ ಹಿರೊಶಿ ಎಂಬ ಜಪಾನೀ ಮುದ್ರಣಚಿತ್ರಕಾರ ಭಾರತವನ್ನು ಸುತ್ತಿದನು. ಮೊದಲು ಪಾಶ್ಚಾತ್ಯ ಎಣ್ಣೆಬಣ್ಣ, ನೀರುಬಣ್ಣಗಳಲ್ಲಿ ನುರಿತು, ಆಮೇಲೆ ಮರದಚ್ಚಿಗೆ ಬಂದವನು. ಊರಿಗೆ ಹೋಗಿ ತಾಜಮಹಲು, ಬನಾರಸಿನ ಘಟ್ಟ, ಉದಯಪುರ, ಮಧುರೆಯ ದೇವಾಲಯ, ಎಲ್ಲೋರಾಗಳನ್ನು ಚೆರಿ ಮರದಲ್ಲಿ ಕೆತ್ತಿಸಿ ಒತ್ತಿಸಿದನು. ಹಳೆಯ ಗೆರೆಯೂ ಹೊಸ ಮಂಜೂ ಅವನಲ್ಲಿ ಒಟ್ಟಿಗೆ ಇವೆ. ಇಪ್ಪತ್ತು ವರ್ಷಗಳ ಹಿಂದೆ ವೆಂಕಟಪ್ಪನವರು ದೀಪ ಹಿಡಿದು ಪ್ರತಿ ತೆಗೆದ ಅಜಂತೆಯೂ ಆ ಮಾಲೆಯಲ್ಲಿದೆ. ಅವನ ಮೇಲ್ವಿಚಾರಣೆಯಲ್ಲಿ ಅಚ್ಚಾದ ಪ್ರತಿಗಳ ಎಡ ಅಂಚಿನಲ್ಲಿ 'ಜಿಜುರಿ' ಎಂಬ ಚಿಕ್ಕ ಮುದ್ರೆ ಇರುತ್ತದೆ: ಸ್ವತಃ ಒತ್ತಿದುದು ಎಂದರ್ಥ. ಒತ್ತಿದ ಕೈಗಳು ಹೆಚ್ಚಾಗಿ ಅವನ ಮನೆಯ ಕೆಲಸಗಾರರವು.